ಬಿಗಿಯಾದ ಸ್ಪ್ರಿಂಗೇ ಮೇಲೆ?

ಸ್ಪ್ರಿಂಗು ಬಿಗಿಯಾದಷ್ಟೂ ಯಂತ್ರಕ್ಕೆ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಸರಿಯಲ್ಲ.

ದಾವಣಗೆರೆಗೆ ಹೆಸರು ತಂದ ಹತ್ತಿಗಿರಣಿಗಳ ಕೆಲಸವನ್ನೇ ನೋಡೋಣ. ನೂಲುವ ಯಂತ್ರದಲ್ಲಿ ಹತ್ತಿಯ ಎಳೆಯು ಜೋಡಿ ಉರುಳೆಗಳ ನಡುವೆ ಹಿಗ್ಗುತ್ತ ಸಾಗುತ್ತದೆ. ಮೇಲಿನ ಉರುಳೆಯನ್ನು ಅದುಮಲು ಹಿಂದೆ ತೂಕದ ಗುಂಡುಗಳನ್ನು ತೂಗುಬಿಡುತ್ತಿದ್ದರು. ಅನಂತರ ಅನೇಕ ಯಂತ್ರಗಳಲ್ಲಿ ಆ ಕೆಲಸ ಸ್ಪ್ರಿಂಗಿನ ಪಾಲಿಗೆ ಬಂದಿತು. ಒತ್ತಡ ಕಡಮೆಯಾದರೆ ಎಳೆ ಜಾರಿ ನೂಲು ಏರುಪೇರಾಗುತ್ತದೆ. ಹೆಚ್ಚಾದರೆ ಉರುಳೆಯ ರಬ್ಬರು ಹೊದಿಕೆ ಬೇಗ ಸವೆಯುತ್ತದೆ.

ಪಿಸ್ತೂಲಿನಲ್ಲಿಯೂ ಇದೇ ನ್ಯಾಯ. ಮ್ಯಾಗಜೀನಿನ ಸ್ಪ್ರಿಂಗು ಸೋತರೆ ಮುಂದಿನ ತೋಟಾ ಹೊತ್ತಿಗೆ ಸರಿಯಾಗಿ ಮೇಲೇರದು. ಗುಂಡು ಹಾರಿದಾಗ ಹಿಂದೆ ಸರಿಯುವ ಭಾಗವನ್ನು ಮರಳಿ ತಳ್ಳುವ ಸ್ಪ್ರಿಂಗು ಅತಿ ಬಿಗಿಯಾದರೆ, ಆ ಭಾಗ ಪೂರ್ತಿ ಸರಿಯದೆ ಖಾಲಿ ತೋಟಾ ಸಿಕ್ಕಿಕೊಳ್ಳುತ್ತದೆ.

ಮಿತಿಯೊಳಗೆ ಹಿಗ್ಗು ಬಲಕ್ಕೆ ಅನುಪಾತವಾಗಿರುವುದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಆದರೆ ಲಕ್ಷಾಂತರ ಬಾರಿ ಬಾಗಿದ ಉಕ್ಕಿನಲ್ಲಿ ಸೂಕ್ಷ್ಮ ಬಿರುಕು ಹುಟ್ಟಬಹುದು. ಅದು ಬೆಳೆದು ಒಂದು ದಿನ ಸ್ಪ್ರಿಂಗು ಮುರಿಯುತ್ತದೆ.

ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ದಶಕಗಳ ಕಾಲ ಲೇತುಗಳನ್ನು ತಯಾರಿಸಿತು. ಅಂತಹ ನೆರೆಯಲ್ಲಿ ಓದುವ ವಿದ್ಯಾರ್ಥಿಗಳು ಈ ಮಾತನ್ನು ಮನಗಾಣಬೇಕು: ಮುರಿದ ಮೇಲೆ ಬದಲಾಯಿಸುವುದು ಮಿತವ್ಯಯವಲ್ಲ. ಅಳತೆಗೆ ಒಪ್ಪುವ ಸ್ಪ್ರಿಂಗನ್ನು ಆರಿಸಿ, ಅದು ದುಡಿದ ಲೆಕ್ಕವಿಟ್ಟು, ಅವಧಿಗೆ ಮುನ್ನ ಬದಲಾಯಿಸುವುದೇ ವಿವೇಕ.