ಕರಕಿ ಕಿತ್ತು ಹುಲ್ಲಿನ ಚಾಪಿ ಹಾಸೂದು ಯಾಕ್ರಿ?

ವೈನಿ, ಅಕ್ಕಾ, ಮಗ್ಗಲ ಮನಿಯವರು, ಎಲ್ಲಾರೂ ಸ್ವಲ್ಪ ಕೇಳ್ರಿ. ಧಾರವಾಡದಾಗ ಹೊಸಾ ಮನಿ ಕಟ್ಟಿಸಿದವರೆಲ್ಲಾ ಈಗ ಅಂಗಳದಾಗ ಲಾನ್ ಮಾಡಸ್ಲಿಕ್ಕೆ ಹತ್ಯಾರ. ಹುಲ್ಲು ಬ್ಯಾಡ ಅನ್ನಾಕಿ ನಾನಲ್ಲ. ಆದ್ರ ತಾನಾಗೇ ಎದ್ದ ಕರಕಿ ಕಿತ್ತಿಸಿ ಒಗದು, ನರ್ಸರಿಯಿಂದ ಮೆಕ್ಸಿಕನ್ ಹುಲ್ಲಿನ ಚಾಪಿ ತಂದು ಹಾಸೂದಕ್ಕ ನನ್ನ ತಕರಾರು ಅದ.

ಮೊದಲು ನೀರಿನ ಲೆಕ್ಕ ನೋಡ್ರಿ. ಹೊಸಾ ಚಾಪಿ ಬೇರು ಹಿಡಿಯೋ ತನಕಾ ದಿನಾ ತೋಯಿಸಬೇಕು. 20 ಅಡಿ ಉದ್ದ, 20 ಅಡಿ ಅಗಲದ ಜಾಗಕ್ಕ ಬರೇ ಅರ್ಧ ಸೆಂಟಿಮೀಟರ್ ನೀರು ಅಂದ್ರೂ ಸುಮಾರು 185 ಲೀಟರ್. 15 ಲೀಟರಿನ ಕೊಡ ಹಿಡದ್ರ 12 ಕೊಡ! ನಮ್ಮ ಎಷ್ಟೋ ಓಣಿಗೆ ನಳದ ನೀರು ಇನ್ನೂ ದಿನಾ ಬರೂದಿಲ್ಲ. ನವಿಲುತೀರ್ಥದ ಡ್ಯಾಮಿನಿಂದ ಅಷ್ಟು ದೂರ ಹರದು ಬಂದ ಮಲಪ್ರಭೆ ನೀರನ್ನ ಹುಲ್ಲಿಗೆ ಸುರೀಬೇಕೇನು? ಮತ್ತ ಸುರಿಯೋರು ಯಾರು? ಲಾನ್ ಬೇಕು ಅಂದವರು ಆಫೀಸಿಗೆ ಹೋಗ್ತಾರ, ಪೈಪ್ ಹಿಡಿಯೋದು ಸೊಸಿ. ಕಳೆ ಕೀಳೋದೂ ಆಕೀನ.

ಕರಕಿ ಏನು ಕಡಿಮಿ ಅದ? ಹೊರದೇಶದ ಮೈದಾನದಾಗ ಬರ್ಮುಡಾ ಗ್ರಾಸ್ ಅಂತ ಬೆಳಸ್ತಾರಲ್ಲ, ಅದು ಇದೇ ಕರಕಿ, ಇಲ್ಲಾ ಅದರ ಮಿಶ್ರತಳಿ. ಅಂಗಳದ್ದು ಕಿತ್ತಿಸಿ, ಚೌತಿಗೆ 21 ಎಸಳು ಬೇಕಂತ ಬಜಾರದಾಗ ರೊಕ್ಕಾ ಕೊಟ್ಟು ತರೋರಿಗೆ ಏನನ್ನಬೇಕೋ ನೀವೇ ಹೇಳ್ರಿ.

ನೆಡೂದೂ ಸುಲಭ. ನಮ್ಮ ಎರೆಮಣ್ಣು ಮಳಿಗಾಲದಾಗ ಅಂಟು, ಬ್ಯಾಸಗ್ಯಾಗ ಬಿರುಕು. ಅದಕ್ಕ ಮೊದಲು ಅಗಸಿ, ಉಸುಕು, ಚೊಲೋ ಕಳಿತ ಗೊಬ್ಬರ ಕೂಡಸ್ರಿ. ನೀರು ನಿಲ್ಲದ ಹಂಗ ಸ್ವಲ್ಪ ಇಳಿಜಾರು ಇರಲಿ, ಮನಿ ಗ್ವಾಡಿ ಕಡೆ ಮಾತ್ರ ಬ್ಯಾಡ. ಜೂನ್ ಮಳಿ ಹಿಡದ ಮ್ಯಾಲೆ ಎರಡ್ಮೂರು ಗೆಣ್ಣಿರೋ ಕರಕಿ ತುಂಡು ಅರ್ಧ ಗೇಣಿಗೊಂದು ಊರಿಬಿಡ್ರಿ. ಚೌತಿ ಮುಂದ ಅಂಗಳ ಮುಚ್ಚಿಕೊಳ್ಳಲಿಕ್ಕೆ ಹತ್ತಿರ್ತದ. ಅಲ್ಲೀತನಕಾ ಹುಡುಗರನ್ನ ಅದರ ಮ್ಯಾಲೆ ಬಿಡಬ್ಯಾಡ್ರಿ. ಹೂವಿನ ಮಡಿ ಇದ್ದಲ್ಲಿ ನಡುವ ಒಂದು ಕಲ್ಲಿನ ಸಾಲು ಹುಗೀರಿ, ಯಾಕಂದ್ರ ಕರಕಿ ಬಿಟ್ರ ಮಡಿಯೆಲ್ಲಾ ನುಂಗ್ತದ. ಹೊಲದವರನ್ನ ಕೇಳಿ ನೋಡ್ರಿ, ಅದರ ಹೆಸರು ತಗದ್ರ ಬೈತಾರ. ಮಾವಿನ ಗಿಡದ ನೆರಳಿನಾಗೂ ಅದು ಬರೂದಿಲ್ಲ, ಅಲ್ಲಿ ಬರೇ ನೆಲಾ ಇರಲಿ, ಕೂಡ್ಲಿಕ್ಕೆ ಬೇಕಲ್ಲ.

'ಬ್ಯಾಸಗ್ಯಾಗ ಒಣಗಿ ಕಂದಾಗ್ತದ' ಅಂತ ಮೂಗು ಮುರೀತಾರ. ಆಗ್ಲಿ ಬಿಡ್ರಿ, ಒಂದು ಮಳಿ ಬಿದ್ರ ಮತ್ತ ಚಿಗೀತದ. ಅಲ್ಲೀತನಕಾ ಅದರ ಮ್ಯಾಲೆ ಹಳೇ ಧೋತ್ರ ಹಾಸಿ ಸಂಡಿಗಿ ಹಾಕ್ರಿ.