ನೀರುಳ್ಳಿಯ ನೆಂಟ

ಈ ಸಲ ಅಡುಗೆ, ಹಬ್ಬ, ಪ್ರವಾಸ ಯಾವುದೂ ಅಲ್ಲ, ಒಂದು ಬ್ಯಾಕ್ಟೀರಿಯಾದ ವಿಷಯ ಬರೆಯುತ್ತೇನೆ ಎಂದರೆ ನೀವು ನಕ್ಕೀರಿ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿ, ಮದುವೆಯಾಗಿ ಎಡಪ್ಪಳ್ಳಿಗೆ ಬಂದು ಸೌಟು ಹಿಡಿದವಳಿಗೆ ಇದೆಲ್ಲ ಯಾಕೆ ಎಂದು ನಮ್ಮ ಮನೆಯವರೂ ಕೇಳಿದರು. ಕಾರಣ ಇದೆ. ಆ ಬ್ಯಾಕ್ಟೀರಿಯಾ ನನ್ನ ಭಾವನನ್ನು ಇನ್ನೇನು ಕರೆದುಕೊಂಡು ಹೋಗುವುದರಲ್ಲಿತ್ತು.

ಭಾವ, ಅಂದರೆ ನನ್ನ ಅಕ್ಕನ ಗಂಡ, ಉಡುಪಿ ಕಡೆಯ ಹಳ್ಳಿಯಲ್ಲಿ ಗದ್ದೆ, ತೋಟ ನೋಡಿಕೊಂಡಿದ್ದಾರೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಎರಡು ವರ್ಷದ ಹಿಂದೆ ನಾಟಿ ಮುಗಿದ ಮೇಲೆ ಜ್ವರ ಹಿಡಿಯಿತು. ಸಂಜೆಯಾದರೆ ಚಳಿ, ರಾತ್ರಿ ಬೆವರು, ಜೊತೆಗೆ ಕೆಮ್ಮು. ಆಳು ದಿನದಿಂದ ದಿನಕ್ಕೆ ಸೊರಗಿದರು. ಎಕ್ಸ್‌ರೇ ನೋಡಿದ ವೈದ್ಯರು ಕ್ಷಯವಿರಬೇಕು ಎಂದರು. ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ ಅದರ ಮಾತ್ರೆ ಶುರುವಾಯಿತು. ಆರು ವಾರ ಕಳೆದರೂ ಜ್ವರ ಬಿಡಲಿಲ್ಲ. ಅಕ್ಕ ಫೋನಿನಲ್ಲಿ, "ಮಾತ್ರೆ ನುಂಗಿ ಮೂತ್ರ ಕೆಂಪಾದದ್ದು ಬಿಟ್ಟರೆ ಬೇರೆ ಎಂಥದ್ದೂ ಆಗಲಿಲ್ಲ ಮಾರಾಯ್ತಿ. ನೀನೊಮ್ಮೆ ಬಂದು ಹೋಗು" ಎಂದಳು. ಅಕ್ಕ ಹಾಗೆಲ್ಲ ಕರೆಯುವವಳಲ್ಲ. ಅಂದೇ ರಾತ್ರಿ ರೈಲು ಹತ್ತಿದೆ.

ಅಷ್ಟರಲ್ಲಿ ಅವರನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. ಸ್ಕ್ಯಾನಿನಲ್ಲಿ ಗುಲ್ಮದಲ್ಲಿ ಕೀವು ತುಂಬಿದ್ದು ಕಂಡಿತು. ಸೂಜಿ ಹಾಕಿ ಅದನ್ನು ತೆಗೆದು ಲ್ಯಾಬಿಗೆ ಕಳಿಸಿದರು. ಮೂರನೆಯ ದಿನ ಲ್ಯಾಬಿನ ಡಾಕ್ಟರಮ್ಮ ತಾನೇ ವಾರ್ಡಿಗೆ ಬಂದರು. ವರದಿ ಹೇಳುವ ಮೊದಲು ಅವರು ಕೇಳಿದ್ದು ಎರಡೇ ಪ್ರಶ್ನೆ. "ಇವರು ಗದ್ದೆಗೆ ಇಳಿಯುತ್ತಾರಾ ಅಮ್ಮಾ? ಕಾಲಿನಲ್ಲಿ ಗಾಯ ಇತ್ತಾ?" ಅಕ್ಕ ಭಾವನ ಹಿಮ್ಮಡಿಯ ಒಡಕು ತೋರಿಸಿದಳು. ಅವರು ತಲೆಯಾಡಿಸಿ ಒಂದು ಹೆಸರು ಹೇಳಿದರು: ಮೆಲಿಯಾಯ್ಡೋಸಿಸ್. ನಾವಿಬ್ಬರೂ ಕೇಳಿಯೇ ಇರದ ಹೆಸರು. ಅಂದೇ ಔಷಧಿ ಬದಲಾಯಿತು. ಎರಡು ವಾರಕ್ಕೂ ಹೆಚ್ಚು ಕಾಲ ಇಂಜೆಕ್ಷನ್, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಈಗ ಭಾವ ಮತ್ತೆ ಗದ್ದೆಯ ಹುಣಿಯ ಮೇಲೆ ಓಡಾಡುತ್ತಿದ್ದಾರೆ, ಆದರೆ ಕಾಲಿಗೆ ಗಂಬೂಟು ಹಾಕಿಕೊಂಡು.

ಒಂದು ಹೆಸರು ಸಿಕ್ಕಿದ ಕೂಡಲೇ ಸಾಯುವವರು ಬದುಕಿದ್ದನ್ನು ಕಣ್ಣಾರೆ ಕಂಡ ಮೇಲೆ, ಈ ಹೆಸರಿಡುವ ವಿದ್ಯೆ ಎಂಥದ್ದೆಂದು ತಿಳಿಯುವ ಆಸೆಯಾಯಿತು. ಡಾಕ್ಟರಮ್ಮ ಹೇಳಿದ್ದನ್ನೂ ಆಮೇಲೆ ನಾನು ಓದಿದ್ದನ್ನೂ ಸೇರಿಸಿ ಹೇಳುತ್ತೇನೆ.

1911ರಲ್ಲಿ ರಂಗೂನಿನ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ವಿಟ್ಮೋರ್ ಎಂಬ ವೈದ್ಯರೂ ಅವರ ಸಹಾಯಕ ಕೃಷ್ಣಸ್ವಾಮಿಯವರೂ ಶವಪರೀಕ್ಷೆ ಮಾಡುವಾಗ ಹೊಸದೊಂದು ರೋಗವನ್ನು ಕಂಡರು. ಕುದುರೆಗಳಿಗೆ ಬರುವ ಗ್ಲಾಂಡರ್ಸ್ ರೋಗದ ಹಾಗೇ ಇತ್ತು. ಆದರೆ ಸತ್ತವರು ಕುದುರೆಯ ಹತ್ತಿರ ಸುಳಿದವರಲ್ಲ, ರೋಗಾಣುವೂ ಸ್ವಲ್ಪ ಬೇರೆ. ಆದ್ದರಿಂದ ಅದಕ್ಕೆ 'ಸೂಡೋಮ್ಯಾಲಿಯೈ', ಅಂದರೆ ಸುಳ್ಳು ಗ್ಲಾಂಡರ್ಸಿನದು, ಎಂಬ ಹೆಸರು ಬಂತು. ಅದು ಮಣ್ಣಿನಲ್ಲಿ, ಕೆಸರು ನೀರಿನಲ್ಲಿ ತನ್ನಷ್ಟಕ್ಕೆ ಬದುಕುವ ಜೀವಿ ಎಂಬುದು ತಿಳಿದದ್ದು ಬಹಳ ಕಾಲದ ಮೇಲೆ.

ಹೆಸರೇನೋ ಬಂತು, ಆದರೆ ಯಾವ ಕುಲಕ್ಕೆ ಸೇರಿಸುವುದು? ಒಮ್ಮೆ ಬ್ಯಾಸಿಲಸ್ ಎಂದರು, ಒಮ್ಮೆ ಮ್ಯಾಲಿಯೋಮೈಸಿಸ್ ಎಂದರು, ಆಮೇಲೆ ಬಹುಕಾಲ ಸೂಡೋಮೊನಾಸ್ ಎಂಬ ದೊಡ್ಡ ಕುಟುಂಬದಲ್ಲಿ ಇಟ್ಟರು. ಆಗೆಲ್ಲ ಆಕಾರ ಯಾವುದು, ಯಾವ ಬಣ್ಣ ಹಿಡಿಯುತ್ತದೆ, ಯಾವ ಸಕ್ಕರೆ ತಿನ್ನುತ್ತದೆ ಎಂದು ನೋಡಿ ವಿಂಗಡಿಸುತ್ತಿದ್ದರು. ನಾವು ಮೊರದಲ್ಲಿ ಬೇಳೆ ಆರಿಸಿದ ಹಾಗೆ. 1977ರಲ್ಲಿ ಅಮೆರಿಕದ ಕಾರ್ಲ್ ವೂಸ್ ಬೇರೆ ದಾರಿ ತೋರಿಸಿದರು. ಪ್ರತಿಯೊಂದು ಜೀವಕೋಶದಲ್ಲೂ ಪ್ರೋಟೀನು ತಯಾರಿಸುವ ರೈಬೋಸೋಮ್ ಇರುತ್ತದಂತೆ. ಅದರ ಆರ್‌ಎನ್‌ಎಯ ಅಕ್ಷರಗಳು ಬಹಳ ನಿಧಾನವಾಗಿ ಬದಲಾಗುತ್ತವೆ. ಆ ಅಕ್ಷರಗಳನ್ನು ಹೋಲಿಸಿದರೆ ಯಾರು ಹತ್ತಿರದ ನೆಂಟರು, ಯಾರು ದೂರದವರು ಎಂದು ತಿಳಿಯುತ್ತದೆ. ಮುಖ ನೋಡಿ ನೆಂಟರು ಎನ್ನುವ ಬದಲು ಗೋತ್ರ ವಿಚಾರಿಸಿದ ಹಾಗೆ.

ಹೀಗೆ ವಿಚಾರಿಸುತ್ತ ಹೋದಾಗ ಸೂಡೋಮೊನಾಸಿನ ಮನೆ ಪಾಲಾಯಿತು. ಜಪಾನಿನ ಏಕೋ ಯಾಬುಚಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1992ರಲ್ಲಿ ಏಳು ಜಾತಿಗಳನ್ನು ಹೊರತಂದು 'ಬರ್ಕೋಲ್ಡೇರಿಯಾ' ಎಂಬ ಹೊಸ ಕುಲ ಮಾಡಿದರು. ಹೆಸರು ಬಂದದ್ದು ವಾಲ್ಟರ್ ಬರ್ಕೋಲ್ಡರ್ ಎಂಬ ಅಮೆರಿಕದ ಸಸ್ಯರೋಗ ತಜ್ಞರಿಂದ. ಅವರು 1950ರಲ್ಲಿ ಏನು ಕಂಡುಹಿಡಿದಿದ್ದರು ಗೊತ್ತೇ? ನೀರುಳ್ಳಿಯನ್ನು ಕೊಳೆಸುವ ಬ್ಯಾಕ್ಟೀರಿಯಾ! ನನ್ನ ಭಾವನನ್ನು ಕೆಡವಿದ್ದು ನೀರುಳ್ಳಿ ಕೊಳೆಸುವುದರ ದಾಯಾದಿ. ಆ ಏಳರಲ್ಲಿ ಎರಡು 1995ರಲ್ಲಿ ಮತ್ತೆ ಬೇರೆಯಾಗಿ ರಾಲ್ಸ್ಟೋನಿಯಾ ಎಂಬ ಕುಲ ಸೇರಿದವು. ಅದರಲ್ಲಿ ಒಂದನ್ನು ನೀವೂ ಬಲ್ಲಿರಿ. ಬದನೆ, ಟೊಮೆಟೊ ಗಿಡಗಳು ಎಲೆ ಹಸಿರಾಗಿರುವಾಗಲೇ ಇದ್ದಕ್ಕಿದ್ದಂತೆ ಬಾಡಿ ಬೀಳುತ್ತವಲ್ಲ, ಆ ರೋಗದ್ದು. ಬಾಡಿದ ಗಿಡದ ಕಾಂಡ ಕತ್ತರಿಸಿ ಒಂದು ಲೋಟ ನೀರಿನಲ್ಲಿ ನಿಲ್ಲಿಸಿ. ತುದಿಯಿಂದ ಹಾಲಿನ ಎಳೆಯಂತೆ ಬಿಳಿಯದು ಇಳಿದರೆ ಅದೇ ಬ್ಯಾಕ್ಟೀರಿಯಾ. ನಮ್ಮ ತಾರಸಿಯ ಬದನೆಯಲ್ಲಿ ನಾನೇ ನೋಡಿದ್ದೇನೆ.

ಇದೆಲ್ಲ ಪಂಡಿತರ ಕಾಲಹರಣ ಎನ್ನಬೇಡಿ. ನಮ್ಮ ಭಾವನ ರೋಗಾಣುವನ್ನು ಲ್ಯಾಬಿನಲ್ಲಿ ಕೇವಲ 'ಯಾವುದೋ ಸೂಡೋಮೊನಾಸ್' ಎಂದು ಬರೆದರೆ, ಹೊರಗಿನಿಂದ ಸೇರಿದ ಕಸವೆಂದು ಬದಿಗಿಡುವ ಸಂಭವ ಹೆಚ್ಚು. ಯಂತ್ರಗಳೂ ಕೆಲವೊಮ್ಮೆ ಇದನ್ನು ನೀರುಳ್ಳಿಯದೆಂದು ತಪ್ಪು ತಿಳಿಯುತ್ತವಂತೆ. ಸಾಮಾನ್ಯವಾಗಿ ಕೊಡುವ ಜೆಂಟಾಮೈಸಿನ್ ಇದರ ಮೇಲೆ ಹೆಚ್ಚಾಗಿ ನಡೆಯುವುದಿಲ್ಲ, ಕ್ಷಯದ ಮಾತ್ರೆಯೂ ಸಾಲದು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ತುದಿ ಮಾತ್ರ ಗಾಢವಾಗಿ, ನಮ್ಮ ಬಳೆಗೆ ಸಿಕ್ಕಿಸುವ ಸೇಫ್ಟಿಪಿನ್ನಿನ ಹಾಗೆ ಕಾಣುತ್ತದೆ. ಆ ಪಿನ್ನನ್ನು ಗುರುತಿಸುವ ಕಣ್ಣು ಬೇಕು. ಆ ಡಾಕ್ಟರಮ್ಮನಿಗೆ ಅದಿತ್ತು.

ಅಂಥ ಕಣ್ಣುಗಳನ್ನು ತಯಾರು ಮಾಡುವ ಕೆಲಸ ನಮ್ಮ ಕರಾವಳಿಯಲ್ಲೇ ನಡೆದಿದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ತಜ್ಞ ಡಾ. ಚಿರಂಜಯ್ ಮುಖೋಪಾಧ್ಯಾಯ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಈ ರೋಗದ ಬೆನ್ನು ಹತ್ತಿದವರು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಮಲಬಾರ್ ಕರಾವಳಿಯ ಮಣ್ಣು, ನೀರನ್ನು ಪರೀಕ್ಷಿಸಿ, ಇದೂ ಇದರ ನೆಂಟರೂ ಅಲ್ಲಿ ವಾಸವಾಗಿರುವುದನ್ನು 2016ರಲ್ಲಿ ಪ್ರಕಟಿಸಿದರು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ಈ ರೋಗ ಬಂದು 89,000 ಜನ ಸಾಯುತ್ತಾರೆಂದು ಅದೇ ವರ್ಷ ಬಂದ ಇನ್ನೊಂದು ಅಂದಾಜು ಹೇಳುತ್ತದೆ. ಅದರಲ್ಲಿ ದೊಡ್ಡ ಪಾಲು ನಮ್ಮ ದಕ್ಷಿಣ ಏಷ್ಯಾದ್ದೇ.

ಮಳೆಗಾಲದ ನೀರು ಎಂದರೆ ಇಲ್ಲಿ ಕೊಚ್ಚಿಯಲ್ಲಿ ಎಲ್ಲರಿಗೂ ನೆನಪಾಗುವುದು 'ಎಲಿಪ್ಪನಿ', ನಮ್ಮ ಇಲಿಜ್ವರ. 2018ರ ಪ್ರವಾಹದ ನಂತರ ಅದರ ಮಾತ್ರೆ ನುಂಗಿದವರು ನಮ್ಮಲ್ಲೇ ಇದ್ದೀರಿ. ಜೊತೆಗೆ ಈ ಇನ್ನೊಂದು ಹೆಸರೂ ನೆನಪಿರಲಿ. ಹೆದರಬೇಕಾಗಿಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ನಿರುಪದ್ರವಿಗಳು, ತೊಗಟೆಯನ್ನು ಗೊಬ್ಬರ ಮಾಡಿಕೊಡುವ ಉಪಕಾರಿಗಳು. ಈ ರೋಗವೂ ಒಬ್ಬರಿಂದೊಬ್ಬರಿಗೆ ಸಾಮಾನ್ಯವಾಗಿ ಹರಡುವುದಿಲ್ಲ. ಆದರೆ ಸಕ್ಕರೆ ಕಾಯಿಲೆ ಇರುವವರು ಕಾಲಿನ ಗಾಯ ಮುಚ್ಚದೆ ಕೆಸರಿಗೆ, ನಿಂತ ನೀರಿಗೆ ಇಳಿಯಬೇಡಿ. ರಜೆಯಲ್ಲಿ ಊರಿಗೆ ಹೋಗಿ ಉತ್ಸಾಹದಿಂದ ಗದ್ದೆಗೆ ಇಳಿಯುವವರಿಗೂ ಇದೇ ಮಾತು. ಜ್ವರ ಬಿಡದಿದ್ದರೆ ವೈದ್ಯರಿಗೆ ಗದ್ದೆಯ ವಿಷಯ, ಸಕ್ಕರೆಯ ವಿಷಯ ಎರಡನ್ನೂ ಕೇಳದೆಯೇ ಹೇಳಿ. "ಕಲ್ಚರ್ ಮಾಡಿಸೋಣವೇ ಡಾಕ್ಟ್ರೇ?" ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ನಾವು ಆರು ವಾರ ಕೇಳದೆ ಕೂತಿದ್ದೆವು.

ಮೊನ್ನೆ ಅಕ್ಕ ಫೋನ್ ಮಾಡಿ, ಭಾವ ಗಂಬೂಟು ಹಾಕಲು ಗೊಣಗುತ್ತಾರೆ ಎಂದು ದೂರಿದಳು. ಈ ಬರಹವನ್ನು ಅವರಿಗೆ ಕಳಿಸುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಗೊಣಗುವವರಿದ್ದರೆ ಓದಿ ಹೇಳಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.