ಒಡೆದದ್ದು ಒಂದು ಹಲ್ಲುಚಕ್ರ ಮಾತ್ರ

ಮೊಮ್ಮಗನಿಗೆ ರಜೆ ಬಂದಿದ್ದರಿಂದ ಕಳೆದ ವಾರ ಅಟ್ಟದ ಮೇಲಿನ ಪೆಟ್ಟಿಗೆಯೊಂದನ್ನು ಕೆಳಗಿಳಿಸಿದೆ. 1996ರಲ್ಲಿ ಮಗ ಅಮೆರಿಕದಿಂದ ತಂದಿದ್ದ ಮಾದರಿ ರೈಲು ಅದರಲ್ಲಿತ್ತು. ‘ಎಚ್‌ಒ’ ಎಂಬ ಅಳತೆಯದು. ಅಂದರೆ ನಿಜವಾದ ರೈಲಿನ 87ನೆಯ ಒಂದು ಪಾಲು. ಹಾಳಾದೀತೆಂಬ ಭಯದಿಂದ ಅದನ್ನು ನಾಲ್ಕಾರು ಬಾರಿಗಿಂತ ಹೆಚ್ಚು ಓಡಿಸಲು ನಾನು ಬಿಟ್ಟಿರಲಿಲ್ಲ. ಈಗ ಹಳಿಯ ಮೇಲಿಟ್ಟರೆ, ಎಂಜಿನ್ ಟಕ್ ಟಕ್ ಎಂದು ಕುಂಟುತ್ತ ಎರಡು ಗೇಣು ಸಾಗಿ ನಿಂತುಬಿಟ್ಟಿತು.

“ಪ್ಲಾಸ್ಟಿಕ್ ತಾನೆ, ಇನ್ನೇನಾದೀತು? ಬಿಸಾಡಿ ಹೊಸದು ತರೋಣ” ಎಂದರು ಮನೆಯವರು. ಈ ಮಾತನ್ನು ನಾನು ಒಪ್ಪಲಾರೆ.

ಬಿಚ್ಚಿ ನೋಡಿದೆ. ಮೋಟಾರು, ಹೊರಕವಚ ಎರಡೂ ಸುಸ್ಥಿತಿಯಲ್ಲಿದ್ದವು. ಅಚ್ಚಿನ ಮೇಲಿನ ಪುಟ್ಟ ಹಲ್ಲುಚಕ್ರವೊಂದು ಮಾತ್ರ ಸೀಳಿತ್ತು. ಸೀಳಿದೆಡೆಯಲ್ಲಿ ಹಲ್ಲುಗಳ ನಡುವಿನ ಅಂತರ ಹಿಗ್ಗಿ, ಪ್ರತಿ ಸುತ್ತಿಗೂ ಚಕ್ರ ಅಲ್ಲಿ ಎಡವುತ್ತಿತ್ತು.

ಓಡದೆಯೇ ಒಡೆದದ್ದು ಹೇಗೆ? ಅಚ್ಚು ಜಾರದಿರಲೆಂದು ಹಲ್ಲುಚಕ್ರದ ರಂಧ್ರವನ್ನು ಅಚ್ಚಿಗಿಂತ ಕೂದಲೆಳೆಯಷ್ಟು ಕಿರಿದು ಮಾಡಿ ಒತ್ತಿ ಕೂರಿಸಿರುತ್ತಾರೆ. ರೈಲು ಪೆಟ್ಟಿಗೆಯಲ್ಲಿ ಮಲಗಿದ್ದರೂ ಆ ಬಿಗಿತ ಹಗಲಿರುಳು ಇದ್ದೇ ಇರುತ್ತದೆ. ವರ್ಷಗಳ ಮೇಲೆ ಅದು ಬಿರುಕಾಗುತ್ತದೆ. ನನ್ನ ಜೋಪಾನ ಅದನ್ನು ಉಳಿಸಲಿಲ್ಲ. ಮಗುವಿನ ಆಟವನ್ನಷ್ಟೇ ಕಸಿಯಿತು.

ಲೋಹದ್ದೇ ಮಾಡಬಹುದಿತ್ತಲ್ಲ ಎನ್ನುವಿರಿ. ಎರಡು ಹಳಿಗಳಿಂದ ವಿದ್ಯುತ್ ಪಡೆಯುವ ಇಂಥ ರೈಲಿನಲ್ಲಿ ಎಡಬಲದ ಚಕ್ರಗಳು ಒಂದನ್ನೊಂದು ಲೋಹದಿಂದ ಸೇರಬಾರದು. ಸೇರಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಅಚ್ಚಿನ ಎರಡು ತುಂಡುಗಳನ್ನು ಬೇರ್ಪಡಿಸಿ ಹಿಡಿಯುವ ಕೆಲಸವೂ ಈ ಪ್ಲಾಸ್ಟಿಕ್ ಹಲ್ಲುಚಕ್ರದ್ದೇ. ಲೋಹವೂ ಚಿರಂಜೀವಿಯಲ್ಲ. 1930ರ ದಶಕದ ಎಷ್ಟೋ ಮಾದರಿಗಳ ಸತುವಿನ ಮಿಶ್ರಲೋಹದಲ್ಲಿ ಸೀಸದ ಅಂಶ ಬೆರೆತು, ಅವು ಉಬ್ಬಿ ಬಿರಿದು ಪುಡಿಯಾಗಿವೆ. ಇತ್ತ, 1960ರಿಂದ ಮಾರುಕಟ್ಟೆಯಲ್ಲಿರುವ ಡೆಲ್ರಿನ್‌ನಂಥ ಪ್ಲಾಸ್ಟಿಕ್ ಸವೆತವನ್ನು ಚೆನ್ನಾಗಿ ತಾಳಬಲ್ಲದು. ದೋಷ ವಸ್ತುವಿನದಕ್ಕಿಂತ ಹೆಚ್ಚಾಗಿ ಅದನ್ನು ಬಳಸಿದ ರೀತಿಯದು.

ಆದ್ದರಿಂದ ತಯಾರಕರಲ್ಲಿ ನನ್ನ ಕೋರಿಕೆ ಇಷ್ಟೇ: ರಂಧ್ರದ ಅಳತೆಯಲ್ಲಿ ಎಚ್ಚರವಿರಲಿ, ಬಿಡಿಭಾಗ ಬಹುಕಾಲ ಸಿಗುವಂತಿರಲಿ, ಬದಲಿಸುವ ಕ್ರಮವನ್ನು ಕೈಪಿಡಿಯಲ್ಲಿ ಅಚ್ಚುಮಾಡಲಿ. ನಮ್ಮ ಕರ್ತವ್ಯವೂ ಇದೆ. ಅಟ್ಟದ ಸೆಕೆಯಲ್ಲಿ ಇಡಬಾರದು. ಕೈಗೆ ಸಿಕ್ಕ ಎಣ್ಣೆ ಸುರಿಯದೆ, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಎಣ್ಣೆಯ ಒಂದು ತೊಟ್ಟು ಹಾಕಬೇಕು. ಒಡೆದ ಹಲ್ಲುಚಕ್ರಕ್ಕೆ ಅಂಟು ಹಚ್ಚುವುದು ವ್ಯರ್ಥ; ಆ ನುಣುಪಿನ ಮೇಲೆ ಅಂಟು ನಿಲ್ಲದು.

ಮಗ ಹೊಸ ಹಲ್ಲುಚಕ್ರ ತರಿಸಿಕೊಟ್ಟ. ಅದರ ಬೆಲೆ ಅಂಚೆವೆಚ್ಚಕ್ಕಿಂತ ಕಡಿಮೆ. ಮೊಮ್ಮಗನೇ ಅದನ್ನು ಕೂರಿಸಿದ. ನಾನು ಕನ್ನಡಕ ಏರಿಸಿಕೊಂಡು ದೀಪ ಹಿಡಿದೆ. ಎಂಜಿನ್ ಓಡಿತು.

ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು ಬೇಡ, ಪ್ರಿಯ ವಿದ್ಯಾರ್ಥಿಗಳೇ. ನಿಮ್ಮ ಮಕ್ಕಳ ಕೈಗೆ ಹೊಸ ಆಟಿಕೆಗಿಂತ ಮೊದಲು ಒಂದು ಸ್ಕ್ರೂಡ್ರೈವರ್ ಕೊಡಿ.